ಕೆಲಸ ಕಳೆದವನ ಸಂಬಳ ಯಾರ ಪಾಲು?

ಮನೆಯ ನಲ್ಲಿಗೆ ನೀರು ತರುವ ಗಟ್ಟಿ ಪೈಪು, ಆಸ್ಪತ್ರೆಯಲ್ಲಿ ರಕ್ತ ತುಂಬಿಡುವ ಮೆತ್ತನೆಯ ಚೀಲ ಎರಡೂ ಒಂದೇ ಪ್ಲಾಸ್ಟಿಕ್ಕಿನವು ಎಂದರೆ ವಿದ್ಯಾರ್ಥಿಗಳು ಸುಲಭಕ್ಕೆ ನಂಬುವುದಿಲ್ಲ. ಅದರ ಹೆಸರು ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿವಿಸಿ. ಬರಿಯ ಪಿವಿಸಿ ಬಹಳ ಗಡುಸು. ಕಾಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುವ ತಕರಾರಿನ ವಸ್ತು. ಅದಕ್ಕೆ ಮೆತ್ತಗಾಗಿಸುವ ರಾಸಾಯನಿಕ, ಬಿಸಿ ತಡೆಯುವ ರಾಸಾಯನಿಕ, ಬಣ್ಣ ಎಲ್ಲವನ್ನೂ ಗಿರಾಕಿ ಕೇಳಿದ ಪ್ರಮಾಣದಲ್ಲಿ ಬೆರೆಸಿ, ಬೇಯಿಸಿ, ಕಾಳಿನಂತೆ ಮಾಡಿ ಮಾರುವ ಕಾರ್ಖಾನೆಗಳಿವೆ. ಅಂಥದೊಂದು ಕಾರ್ಖಾನೆಯಲ್ಲಿ ಬೆರೆಸುವ ಯಂತ್ರ ನಡೆಸುತ್ತಿದ್ದ ಒಬ್ಬ ಕೆಲಸಗಾರನ ವಿಷಯ ಇಲ್ಲಿದೆ. ಆದರೆ ಇದು ಪ್ಲಾಸ್ಟಿಕ್ಕಿನ ಪಾಠವಲ್ಲ, ಸಂಬಳದ ಪಾಠ.

ಕಾರ್ಖಾನೆಯ ಹೆಸರು ಹಾಫ್‌ಮನ್ ಪ್ಲಾಸ್ಟಿಕ್ ಕಾಂಪೌಂಡ್ಸ್. ಇದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1988ರ ಮೇ ತಿಂಗಳಲ್ಲಿ ನಮ್ಮ ಕಥೆಯ ಕೆಲಸಗಾರ ಅಲ್ಲಿ ಸೇರಿಕೊಂಡ. ಕೇಳಿದ ಕಾಗದಪತ್ರಗಳನ್ನು ತೋರಿಸಿದ, ಕಂಪನಿ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಕೆಲಸಗಾರರ ಸಂಘವೊಂದು ಆ ಕಾರ್ಖಾನೆಯಲ್ಲಿ ಕಾರ್ಮಿಕರನ್ನು ಒಗ್ಗೂಡಿಸಲು ಹೊರಟಿತು. ಇವನೂ ಇನ್ನು ಕೆಲವರೂ ಸಂಘದ ಒಪ್ಪಿಗೆ ಚೀಟಿಗಳನ್ನು ಜೊತೆಯವರಿಗೆ ಹಂಚಿದರು. 1989ರ ಜನವರಿಯಲ್ಲಿ ಕಂಪನಿ ಇವನನ್ನೂ ಸಂಘದ ಕಡೆಯವರಾಗಿದ್ದ ಇತರರನ್ನೂ ಮನೆಗೆ ಕಳುಹಿಸಿತು.

ಅಮೆರಿಕದಲ್ಲಿ ಮಾಲೀಕ ಇಷ್ಟ ಬಂದಾಗ ಕೆಲಸದಿಂದ ತೆಗೆಯಬಹುದು ಎಂದು ನಾವು ಕೇಳಿದ್ದೇವೆ. ಅದು ಬಹುಮಟ್ಟಿಗೆ ನಿಜ. ಕಾರಣ ಹೇಳಲೇಬೇಕು ಎಂಬ ಕಟ್ಟುಪಾಡು ಅಲ್ಲಿ ಸಾಮಾನ್ಯವಾಗಿ ಇಲ್ಲ. ಆದರೆ ಕೆಲವು ಕಾರಣಗಳಿಗೆ ತೆಗೆಯಕೂಡದು ಎಂಬ ಕಾನೂನುಗಳಿವೆ. ಮೈಬಣ್ಣ, ಧರ್ಮ, ಹೆಣ್ಣು ಎಂಬ ಕಾರಣಕ್ಕೆ ತೆಗೆಯುವಂತಿಲ್ಲ. ಹಾಗೆಯೇ 1935ರ ಕಾರ್ಮಿಕ ಸಂಬಂಧ ಕಾಯ್ದೆಯ ಪ್ರಕಾರ, ಸಂಘ ಕಟ್ಟಿದ ಕಾರಣಕ್ಕೂ ತೆಗೆಯುವಂತಿಲ್ಲ. ಈ ಕಾಯ್ದೆಯನ್ನು ನೋಡಿಕೊಳ್ಳಲು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಎಂಬ ಸಂಸ್ಥೆಯಿದೆ. ದೂರು ಅಲ್ಲಿಗೆ ಹೋಯಿತು. 1992ರ ಜನವರಿಯಲ್ಲಿ ಮಂಡಳಿ ತೀರ್ಮಾನ ಕೊಟ್ಟಿತು: ಸಂಘದ ಬೆಂಬಲಿಗರನ್ನು ತೊಲಗಿಸಲೆಂದೇ ಕಂಪನಿ ನಾಲ್ವರನ್ನು ಆರಿಸಿ ತೆಗೆದಿದೆ, ಇದು ಕಾನೂನುಬಾಹಿರ, ಅವರನ್ನು ವಾಪಸು ಕರೆಯಬೇಕು, ಹಿಂಬಾಕಿ ಸಂಬಳ ಕೊಡಬೇಕು.

ಈ ಹಿಂಬಾಕಿ ಸಂಬಳ ಎಂದರೆ ಏನು? ನಮ್ಮಲ್ಲಿಯೂ ಇದು ಹೊಸತಲ್ಲ. ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯನ್ನು ಅಕ್ರಮವಾಗಿ ತೆಗೆದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ, ಕೆಲಸಕ್ಕೆ ವಾಪಸು ಸೇರಿಸಿಕೊಂಡು ಹಿಂದಿನ ಸಂಬಳ ಕೊಡುವುದೇ ಸಾಮಾನ್ಯ ನಿಯಮ ಎಂದು ಹೇಳಿತು. ತೆಗೆದದ್ದೇ ತಪ್ಪು ಎಂದ ಮೇಲೆ, ತೆಗೆಯದಿದ್ದರೆ ಅವನು ಎಷ್ಟು ಗಳಿಸುತ್ತಿದ್ದನೋ ಅಷ್ಟನ್ನು ತುಂಬಿಕೊಡಬೇಕು. ನಡುವೆ ಬೇರೆಡೆ ದುಡಿದಿದ್ದರೆ ಅದನ್ನು ಕಳೆಯಬೇಕು. ಉದಾಹರಣೆಗೆ, ತಿಂಗಳಿಗೆ 10,000 ರೂಪಾಯಿಯ ಕೆಲಸದಿಂದ ಒಬ್ಬನನ್ನು ಅಕ್ರಮವಾಗಿ ತೆಗೆದರು. ಅವನು 6,000 ರೂಪಾಯಿಯ ಇನ್ನೊಂದು ಕೆಲಸ ಹಿಡಿದು ಎರಡು ವರ್ಷ ತಳ್ಳಿದ. ವ್ಯತ್ಯಾಸ 4,000, 24 ತಿಂಗಳಿಗೆ 96,000. ಇಷ್ಟು ಅವನಿಗೆ ಬರಬೇಕಾದದ್ದು. ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಷರತ್ತೂ ಇದೆ. ಬೇರೆ ಕೆಲಸ ಹುಡುಕದೆ ಕೈಕಟ್ಟಿ ಕೂತವನಿಗೆ ಆ ಅವಧಿಯ ಹಣ ಸಿಗದು. ಈ ಷರತ್ತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪ್ರಮಾಣ ಮಾಡಿ ಹೇಳಿದ ಸತ್ಯ

ಹಾಫ್‌ಮನ್ ಪ್ರಕರಣದಲ್ಲಿ ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಮಾಡಲು 1993ರ ಜೂನ್‌ನಲ್ಲಿ ವಿಚಾರಣೆ ನಡೆಯಿತು. ನಮ್ಮ ಕೆಲಸಗಾರ ಪ್ರಮಾಣ ಮಾಡಿ ಸಾಕ್ಷಿ ಹೇಳಲು ನಿಂತ. ಅಲ್ಲಿ ಅವನ ಬಾಯಿಂದಲೇ ಹೊರಬಿತ್ತು: ತಾನು ಹುಟ್ಟಿದ್ದು ಮೆಕ್ಸಿಕೋದಲ್ಲಿ, ಅಮೆರಿಕಕ್ಕೆ ಬರಲು ಯಾವ ಪರವಾನಗಿಯೂ ತನಗಿಲ್ಲ, ಕೆಲಸಕ್ಕೆ ಸೇರುವಾಗ ತೋರಿಸಿದ್ದು ಟೆಕ್ಸಾಸ್‌ನಲ್ಲಿ ಹುಟ್ಟಿದ ಗೆಳೆಯನೊಬ್ಬನ ಜನನಪತ್ರ!

ಅಲ್ಲಿಗೆ ಲೆಕ್ಕದ ಹಾಳೆ ಮಗುಚಿಬಿತ್ತು. ವಿಚಾರಣಾಧಿಕಾರಿ ಒಂದು ಡಾಲರೂ ಇಲ್ಲ ಎಂದರು. ಐದು ವರ್ಷ ಕಳೆದ ಮೇಲೆ, 1998ರಲ್ಲಿ ಮಂಡಳಿ ಅದನ್ನು ತಿರುಗಿಸಿತು. ಕೆಲಸಕ್ಕೆ ವಾಪಸು ಸೇರಿಸಲು ಆಗದು ಎಂದು ಮಂಡಳಿಯೂ ಒಪ್ಪಿತು, ಏಕೆಂದರೆ ಪರವಾನಗಿ ಇಲ್ಲದವನನ್ನು ಕೆಲಸಕ್ಕಿಡುವುದು 1986ರ ವಲಸೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ತೆಗೆದ ದಿನದಿಂದ ಅವನ ಗುಟ್ಟು ಕಂಪನಿಗೆ ತಿಳಿದ ದಿನದವರೆಗಿನ ಹಣವನ್ನಾದರೂ ಕೊಡಬೇಕು ಎಂದಿತು. ಮೊತ್ತ 66,951 ಡಾಲರ್, ಮೇಲೆ ಬಡ್ಡಿ. 2002ರ ವಿನಿಮಯ ದರದಲ್ಲಿ ಇದು 32 ಲಕ್ಷ ರೂಪಾಯಿಗೂ ಮಿಗಿಲು. ಕಂಪನಿ ಮೇಲ್ಮನವಿ ಹೋಯಿತು. 2001ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವೂ ಮಂಡಳಿಯ ಪರವಾಗಿಯೇ ತೀರ್ಪು ಕೊಟ್ಟಿತು. ಕಂಪನಿ ಬಿಡಲಿಲ್ಲ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು.

ಹತ್ತನೆಯ ತರಗತಿಯಲ್ಲಿ ಪಾಲಿಮರ್ ಪಾಠ ಮುಗಿದು ಹತ್ತು ನಿಮಿಷ ಉಳಿದಿದ್ದಾಗ ನಾನು ಮಕ್ಕಳಿಗೆ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ನೀವು ನ್ಯಾಯಾಧೀಶರಾದರೆ ಏನು ಹೇಳುತ್ತೀರಿ ಎಂದು ಕೇಳಿದೆ. ತರಗತಿ ಎರಡು ಭಾಗವಾಯಿತು. ‘ಬೇರೆಯವರ ಹಾಲ್ ಟಿಕೆಟ್ ತೋರಿಸಿ ಪರೀಕ್ಷೆ ಬರೆದವನಿಗೆ ಅಂಕ ಕೊಡ್ತೀರಾ ಸಾರ್?’ ಎಂದು ಒಬ್ಬ ಹುಡುಗ ಎದ್ದು ನಿಂತು ಕೇಳಿದ. ಒಳ್ಳೆಯ ಪ್ರಶ್ನೆಯೇ. ಆಗ ಹಿಂದಿನ ಬೆಂಚಿನ ಹುಡುಗಿ, ‘ಆದ್ರೆ ಸಾರ್, ಮಾಲೀಕ ಅವನನ್ನ ತೆಗೆದದ್ದು ಕಾಗದ ಸುಳ್ಳು ಅಂತ ಅಲ್ಲವಲ್ಲ. ಆಗ ಅದು ಅವನಿಗೆ ಗೊತ್ತೇ ಇರಲಿಲ್ಲ’ ಎಂದಳು. ಅಮೆರಿಕದ ಒಂಬತ್ತು ನ್ಯಾಯಮೂರ್ತಿಗಳೂ ಹೆಚ್ಚುಕಡಿಮೆ ಇದೇ ಎರಡು ಮಾತುಗಳ ಸುತ್ತ ಬೇರೆಯಾದರು ಎಂದು ನಾನು ಹೇಳಿದಾಗ ಇಬ್ಬರಿಗೂ ಖುಷಿಯಾಯಿತು.

ಐದು ಮತ್ತು ನಾಲ್ಕು

ತೀರ್ಪು ಬಂದದ್ದು 2002ರ ಮಾರ್ಚ್ 27ರಂದು. ಐವರು ಕಂಪನಿಯ ಕಡೆ, ನಾಲ್ವರು ಕೆಲಸಗಾರನ ಕಡೆ. ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವಿಲಿಯಂ ರೆಂಕ್ವಿಸ್ಟ್. ಅವರ ವಾದ ಹೀಗಿದೆ. ಈ ಹಣ ಮಾಡಿದ ಕೆಲಸಕ್ಕೆ ಅಲ್ಲ, ಮಾಡದೆ ಉಳಿದ ಕೆಲಸಕ್ಕೆ. ಆ ಕೆಲಸವನ್ನು ಅವನು ಕಾನೂನಿನ ಪ್ರಕಾರ ಮಾಡಲು ಸಾಧ್ಯವೇ ಇರಲಿಲ್ಲ. ಸೇರಿದ್ದೇ ಮೋಸದ ಕಾಗದದಿಂದ. ಮೇಲಾಗಿ, ಹಿಂಬಾಕಿ ಬೇಕಾದವನು ಬೇರೆ ಕೆಲಸ ಹುಡುಕಬೇಕು ಎಂಬ ಷರತ್ತು ಇದೆಯಲ್ಲ? ಇವನು ಹುಡುಕಿದರೆ ಮತ್ತೆ ಕಾನೂನು ಮುರಿದಂತೆ, ಹುಡುಕದಿದ್ದರೆ ಹಿಂಬಾಕಿ ಕಳೆದುಕೊಂಡಂತೆ. ಇಂಥವನಿಗೆ ಹಣ ಕೊಡಿಸಿದರೆ 1986ರ ವಲಸೆ ಕಾಯ್ದೆಯನ್ನು ಕೋರ್ಟೇ ಕಡೆಗಣಿಸಿದ ಹಾಗಾಗುತ್ತದೆ ಎಂದರು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಹುಡುಕಾಟದ ಷರತ್ತಿನ ಸಿಕ್ಕಂತೂ ನಿಜವಾದ ಸಿಕ್ಕು.

ಭಿನ್ನಮತ ಬರೆದವರು ಸ್ಟೀಫನ್ ಬ್ರೇಯರ್. ಸ್ಟೀವನ್ಸ್, ಸೂಟರ್, ಗಿನ್ಸ್‌ಬರ್ಗ್ ಅವರ ಜೊತೆಗಿದ್ದರು. ಬ್ರೇಯರ್ ಕೆಲಸಗಾರನಿಗಿಂತ ಹೆಚ್ಚಾಗಿ ಮಾಲೀಕನ ಮೇಲೆ ಕಣ್ಣಿಟ್ಟು ಬರೆದರು. ಇಲ್ಲಿ ಓದುಗರು ಒಂದು ಸಂಗತಿ ತಿಳಿದಿರಬೇಕು. ಆ ಕಾರ್ಮಿಕ ಮಂಡಳಿಗೆ ತಪ್ಪಿತಸ್ಥ ಕಂಪನಿಗೆ ದಂಡ ಹಾಕುವ ಅಧಿಕಾರವಿಲ್ಲ. ಜೈಲಿನ ಮಾತಂತೂ ದೂರ. ಮಾಲೀಕನ ಜೇಬಿಗೆ ತಟ್ಟುವಂಥದು ಎಂದರೆ ಹಿಂಬಾಕಿ ಸಂಬಳ ಒಂದೇ. ಅದನ್ನೂ ತೆಗೆದುಬಿಟ್ಟರೆ ಉಳಿಯುವುದೇನು? ಇನ್ನು ಮುಂದೆ ಹೀಗೆ ಮಾಡಬೇಡ ಎಂಬ ಆದೇಶ, ಕಾರ್ಖಾನೆಯ ಗೋಡೆಗೆ ಅಂಟಿಸುವ ಒಂದು ನೋಟೀಸು. ಅದನ್ನು ಮೀರಿದರೆ ಮಾತ್ರ ನ್ಯಾಯಾಂಗ ನಿಂದನೆಯ ಭಯ. ಅಂದರೆ ಮೊದಲ ಸಲದ ತಪ್ಪು ಪುಕ್ಕಟೆ!

ನನ್ನಂಥ ವಿಜ್ಞಾನದ ಮೇಷ್ಟರಿಗೆ ಇದು ಪ್ರಯೋಗಶಾಲೆಯ ಹೋಲಿಕೆಯ ಪ್ರಯೋಗದಂತೆ ಕಾಣುತ್ತದೆ. ಒಂದೇ ಯಂತ್ರದ ಮುಂದೆ ಇಬ್ಬರು ಕೆಲಸಗಾರರು ನಿಂತಿದ್ದಾರೆ ಎನ್ನಿ. ಇಬ್ಬರಿಗೂ ಒಂದೇ ಸಂಬಳ. ಇಬ್ಬರೂ ಸಂಘದ ಚೀಟಿ ಹಂಚಿದರು, ಇಬ್ಬರನ್ನೂ ಒಂದೇ ದಿನ ಅಕ್ರಮವಾಗಿ ತೆಗೆದರು. ಬೇರೆ ಇರುವುದು ಒಂದೇ ಅಂಶ: ಒಬ್ಬನ ಹತ್ತಿರ ಸರಿಯಾದ ಕಾಗದವಿದೆ, ಇನ್ನೊಬ್ಬನ ಹತ್ತಿರ ಇಲ್ಲ. ಮೊದಲನೆಯವನಿಗೆ ಮಾಡಿದ ಅನ್ಯಾಯಕ್ಕೆ ಮಾಲೀಕ ಸಾವಿರಾರು ಡಾಲರ್ ತೆರಬೇಕು. ಎರಡನೆಯವನಿಗೆ ಮಾಡಿದ ಅನ್ಯಾಯಕ್ಕೆ ಸೊನ್ನೆ. ಹಾಗಾದರೆ ಲಾಭಕ್ಕಾಗಿ ಮಾತ್ರ ಯೋಚಿಸುವ ಮಾಲೀಕ ಮುಂದಿನ ಸಲ ಯಾರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾನೆ? ಪರವಾನಗಿ ಇಲ್ಲದವರು ಬರಬಾರದು ಎಂಬುದು ವಲಸೆ ಕಾಯ್ದೆಯ ಉದ್ದೇಶ. ಅಂಥವರನ್ನೇ ಅಗ್ಗ ಮಾಡಿಟ್ಟರೆ ಆ ಉದ್ದೇಶ ಉಳಿಯಿತೆ? ಬ್ರೇಯರ್ ಹೇಳಿದ್ದರ ಸಾರ ಇದೇ. ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯೂ ಕೋರ್ಟಿನಲ್ಲಿ ಮಂಡಳಿಯ ಪರವಾಗಿಯೇ ವಾದಿಸಿತ್ತು ಎಂಬುದನ್ನು ಅವರು ಎತ್ತಿ ತೋರಿಸಿದರು. ವಲಸೆ ಕಾಯ್ದೆ ಜಾರಿ ಮಾಡಬೇಕಾದವರೇ ಹಣ ಕೊಟ್ಟರೆ ನಮ್ಮ ಕಾಯ್ದೆಗೆ ಧಕ್ಕೆಯಿಲ್ಲ ಎನ್ನುತ್ತಿರುವಾಗ, ಕೋರ್ಟಿಗೇಕೆ ಆ ಚಿಂತೆ? ನನ್ನ ಮಟ್ಟಿಗೆ ನಾಲ್ವರ ಮಾತೇ ಗಟ್ಟಿ. ಆದರೆ ನ್ಯಾಯಾಲಯದಲ್ಲಿ ನಾಲ್ಕಕ್ಕಿಂತ ಐದು ದೊಡ್ಡದು.

ಕೆಲಸಗಾರನಿಗೆ ಹಣ ಸಿಗಲಿಲ್ಲ. ಕೆಲಸ ಹೋಗಿ ಹದಿಮೂರು ವರ್ಷವಾಗಿತ್ತು.

ಇಂಥ ಪೇಚು ಇದೇ ಮೊದಲೇನಲ್ಲ. ಶಿಕಾಗೋದ ಎರಡು ಸಣ್ಣ ಚರ್ಮದ ಕಾರ್ಖಾನೆಗಳಲ್ಲಿ 1976ರ ಕೊನೆಗೆ ಕಾರ್ಮಿಕರು ಸಂಘದ ಪರ ಮತ ಹಾಕಿದರು. ಸಿಟ್ಟಿಗೆದ್ದ ಮಾಲೀಕ, ತನ್ನ ಕೆಲಸಗಾರರಲ್ಲಿ ಕೆಲವರಿಗೆ ಪರವಾನಗಿಯಿಲ್ಲ, ಬಂದು ನೋಡಿ ಎಂದು ತಾನೇ ವಲಸೆ ಇಲಾಖೆಗೆ ಪತ್ರ ಬರೆದ! 1977ರ ಫೆಬ್ರವರಿಯಲ್ಲಿ ಅಧಿಕಾರಿಗಳು ಬಂದರು. ಅದೇ ದಿನ ಸಂಜೆಯೊಳಗೆ ಐವರು ಕೆಲಸಗಾರರು ಮೆಕ್ಸಿಕೋ ಕಡೆಯ ಬಸ್ಸಿನಲ್ಲಿದ್ದರು. 1984ರಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು: ಪರವಾನಗಿ ಇಲ್ಲದವರೂ ಕಾಯ್ದೆಯ ದೃಷ್ಟಿಯಲ್ಲಿ ಕಾರ್ಮಿಕರೇ, ಸೇಡಿಗಾಗಿ ಅವರನ್ನು ಹಿಡಿದುಕೊಟ್ಟದ್ದು ಅಪರಾಧವೇ. ಆದರೆ ದೇಶ ಬಿಟ್ಟು ಹೋದವರು ಕೆಲಸಕ್ಕೆ ಲಭ್ಯರಲ್ಲ, ಹಾಗಾಗಿ ಆ ಅವಧಿಯ ಹಿಂಬಾಕಿ ಇಲ್ಲ. ಹಕ್ಕು ಉಂಟು, ಹಣ ಇಲ್ಲ!

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡಬೇಕು. ಹಾಫ್‌ಮನ್ ತೀರ್ಪು ಕಿತ್ತುಕೊಂಡದ್ದು ಮಾಡದ ಕೆಲಸದ ಹಿಂಬಾಕಿಯನ್ನು ಮಾತ್ರ. ಬೆವರು ಸುರಿಸಿ ಮಾಡಿದ ಕೆಲಸದ ಕೂಲಿಯನ್ನು, ಓವರ್‌ಟೈಮನ್ನು ಪರವಾನಗಿ ಇಲ್ಲದವನಿಗೂ ಕೊಡಲೇಬೇಕು ಎಂಬುದು ಅಮೆರಿಕದ ಕಾರ್ಮಿಕ ಇಲಾಖೆಯ ನಿಲುವು. ಕೋರ್ಟುಗಳೂ ಅದನ್ನು ಒಪ್ಪಿವೆ. ಐರೋಪ್ಯ ಒಕ್ಕೂಟ 2009ರಲ್ಲಿ ಈ ಬಗ್ಗೆ ನಿರ್ದೇಶನವನ್ನೇ ಹೊರಡಿಸಿತು. ಇಂಥ ಕೆಲಸಗಾರ ಎಷ್ಟು ದಿನ ದುಡಿದ ಎಂಬುದಕ್ಕೆ ಮಾಲೀಕನೋ ಕೆಲಸಗಾರನೋ ಬೇರೆ ಆಧಾರ ಕೊಡದಿದ್ದರೆ ಕನಿಷ್ಠ ಮೂರು ತಿಂಗಳು ದುಡಿದ ಎಂದೇ ಹಿಡಿಯಬೇಕಂತೆ. ಅವನು ಊರಿಗೆ ಮರಳಿದ್ದರೆ ಹಣ ಕಳುಹಿಸುವ ಖರ್ಚೂ ಮಾಲೀಕನದೇ. ಹಾಜರಿ ಪುಸ್ತಕ ಇಡದೆ ದುಡಿಸಿಕೊಳ್ಳುವವರಿಗೆ ಇದು ಒಳ್ಳೆಯ ಮದ್ದು.

ಮೆಕ್ಸಿಕೋ ಸುಮ್ಮನೆ ಕೂರಲಿಲ್ಲ. ತೀರ್ಪು ಬಂದ ಎರಡು ತಿಂಗಳೊಳಗೆ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದ ಅಭಿಪ್ರಾಯ ಕೇಳಿತು. ಕೋಸ್ಟರಿಕಾದಲ್ಲಿರುವ ಆ ನ್ಯಾಯಾಲಯ 2003ರ ಸೆಪ್ಟೆಂಬರ್ 17ರಂದು, ಕೆಲಸಕ್ಕೆ ಸೇರಿದ ಮೇಲೆ ಕಾರ್ಮಿಕನ ಹಕ್ಕುಗಳು ಅವನ ಪಾಸ್‌ಪೋರ್ಟಿನ ಮೇಲೆ ನಿಂತಿಲ್ಲ ಎಂಬರ್ಥದ ಸಲಹೆ ನೀಡಿತು. ಸಲಹೆ ಅಷ್ಟೆ, ಅಮೆರಿಕವನ್ನು ಅದು ಕಟ್ಟಿಹಾಕದು. ವಲಸೆ ಕಾರ್ಮಿಕರ ಹಕ್ಕುಗಳ ಬಗ್ಗೆ 1990ರ ಡಿಸೆಂಬರ್ 18ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಯೂ ಇದೆ. ಅದನ್ನು ಅಮೆರಿಕವೂ ಅನುಮೋದಿಸಿಲ್ಲ, ನಮ್ಮ ಭಾರತವೂ ಅನುಮೋದಿಸಿಲ್ಲ.

ಹೆಚ್ಚು ಉಪಯೋಗಕ್ಕೆ ಬಂದದ್ದು ಕ್ಯಾಲಿಫೋರ್ನಿಯಾ ರಾಜ್ಯದ್ದೇ ಕಾನೂನು. ತೀರ್ಪು ಬಂದ 2002ರಲ್ಲಿಯೇ ಅಲ್ಲಿನ ಶಾಸನಸಭೆ, ರಾಜ್ಯದ ಕಾರ್ಮಿಕ ಕಾನೂನುಗಳ ಮಟ್ಟಿಗೆ ವಲಸೆಯ ಸ್ಥಿತಿಗತಿ ಮುಖ್ಯವಲ್ಲ ಎಂದು ಕಾಯ್ದೆ ಮಾಡಿತು. ಅದು ಒರೆಗೆ ಹಚ್ಚಲ್ಪಟ್ಟದ್ದೂ ರಸಾಯನದ ಕಾರ್ಖಾನೆಯೊಂದರಲ್ಲಿ ಎಂಬುದು ಸೋಜಿಗ! ಈಜುಕೊಳದ ನೀರು ಶುದ್ಧಿ ಮಾಡುವ ರಾಸಾಯನಿಕ ತಯಾರಿಸುವ ಸಿಯೆರಾ ಕೆಮಿಕಲ್ ಎಂಬ ಕಂಪನಿ. ಅಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡ ಕೆಲಸಗಾರನೊಬ್ಬನನ್ನು 2007ರಲ್ಲಿ ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಪೆಟ್ಟಾದದ್ದಕ್ಕೇ ದೂರವಿಟ್ಟರು ಎಂದು ಅವನು ದಾವೆ ಹೂಡಿದ. ಅವನು ಕೊಟ್ಟಿದ್ದ ಗುರುತಿನ ಸಂಖ್ಯೆ ಬೇರೆಯವರದೆಂದು ಕಂಪನಿ ಎದುರುವಾದ ಹೂಡಿತು. 2014ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಗುಟ್ಟು ಮಾಲೀಕನಿಗೆ ತಿಳಿದ ಮೇಲಿನ ಅವಧಿಗೆ ಸಂಬಳ ಕೊಡಿಸಲಾಗದು, ತಿಳಿಯುವ ಮುಂಚಿನ ಅವಧಿಗೆ ಕೊಡಿಸಬಹುದು ಎಂದಿತು. ಗಮನಿಸಿ, 1998ರಲ್ಲಿ ಕಾರ್ಮಿಕ ಮಂಡಳಿ ಹಾಫ್‌ಮನ್ ಪ್ರಕರಣದಲ್ಲಿ ಎಳೆದಿದ್ದ ಗೆರೆಯೂ ಇದೇ. ದೇಶದ ಸುಪ್ರೀಂ ಕೋರ್ಟು ಅಳಿಸಿದ ಗೆರೆಯನ್ನು ಹನ್ನೆರಡು ವರ್ಷದ ಮೇಲೆ ರಾಜ್ಯದ ಕೋರ್ಟು ತನ್ನ ಕಾಯ್ದೆಯ ಮಿತಿಯಲ್ಲಿ ಮತ್ತೆ ಎಳೆಯಿತು. ತರಗತಿಯ ಆ ಹುಡುಗಿಯ ಮಾತು ಗೆದ್ದಿತೆನ್ನಿ!

ನಮ್ಮ ಮಕ್ಕಳು ಹೋದಾಗ

ಮೆಕ್ಸಿಕೋದವನ ಕಥೆ ನಮಗೇಕೆ ಎಂದು ಕೇಳುವ ತಂದೆತಾಯಿಗಳಿಗೆ ಒಂದು ಮಾತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಿದ್ದು, ಬೆಂಗಳೂರಿನ ಕಂಪನಿಗಳ ಮೂಲಕ ಅಮೆರಿಕಕ್ಕೆ ಹೋಗುವ ಹುಡುಗ ಹುಡುಗಿಯರೂ ಅಲ್ಲಿ ವಲಸೆ ಕೆಲಸಗಾರರೇ. ಇತ್ತೀಚಿನ ವರ್ಷಗಳಲ್ಲಿ ಎಚ್-1ಬಿ ವೀಸಾಗಳಲ್ಲಿ ಹತ್ತಕ್ಕೆ ಏಳರಷ್ಟು ಭಾರತೀಯರ ಪಾಲು. ಇವರ ಕಾಗದ ಸರಿಯಾಗಿರುತ್ತದೆ, ನಿಜ. ಆದರೆ ಆ ಕಾಗದ ಮಾಲೀಕನ ಕೆಲಸಕ್ಕೆ ಕಟ್ಟಿದ ಕಾಗದ. ಕೆಲಸ ಹೋದರೆ, 2017ರಿಂದ ಇರುವ ನಿಯಮದಂತೆ, ಹೆಚ್ಚೆಂದರೆ 60 ದಿನಗಳ ಬಿಡುವು. ಅಷ್ಟರಲ್ಲಿ ಬೇರೆ ಕಂಪನಿ ಹಿಡಿಯಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು. ಈ ಆತಂಕದಲ್ಲಿ ತಮಗೆ ಬರಬೇಕಾದ ಹಣವನ್ನು ಕೇಳದೆ ಬರುವವರು ಉಂಟು.

ಬರಬೇಕಾದದ್ದೇನು? ವೀಸಾ ಅವಧಿ ಮುಗಿಯುವ ಮುಂಚೆ ಕಂಪನಿಯೇ ಕೆಲಸದಿಂದ ತೆಗೆದರೆ, ಊರಿಗೆ ಮರಳುವ ಪ್ರಯಾಣದ ಖರ್ಚನ್ನು ಅದೇ ಕೊಡಬೇಕು. ತಾನಾಗಿ ಬಿಟ್ಟವನಿಗೆ ಇದಿಲ್ಲ. ಆದ್ದರಿಂದಲೇ ಕೆಲವು ಕಡೆ ‘ರಾಜೀನಾಮೆ ಬರೆದುಕೊಡು, ಹೆಸರು ಕೆಡುವುದಿಲ್ಲ’ ಎಂಬ ಸಿಹಿಮಾತು ಬರುತ್ತದೆ. ಸಹಿ ಹಾಕುವ ಮುಂಚೆ ಯೋಚಿಸಬೇಕು. ಎರಡನೆಯದು, ಕೆಲಸವಿಲ್ಲ ಎಂದು ಸುಮ್ಮನೆ ಕೂರಿಸಿ ಸಂಬಳ ನಿಲ್ಲಿಸುವಂತಿಲ್ಲ. ಅಲ್ಲಿನವರು ‘ಬೆಂಚ್’ ಎಂದು ಕರೆಯುವ ಈ ಪದ್ಧತಿಯಲ್ಲಿ, ಕೆಲಸ ಇಲ್ಲದ ದಿನಗಳಿಗೂ ಒಪ್ಪಿದ ಸಂಬಳ ಬರಬೇಕು. ಮೂರನೆಯದು ಬಹಳ ಮಂದಿಗೆ ತಿಳಿಯದು. ಬಾಯಿಮಾತಿನಲ್ಲಿ ‘ನಾಳೆಯಿಂದ ಬರಬೇಡ’ ಎಂದರೆ ಸಾಲದು. ಅಮೆರಿಕದ ಕಾರ್ಮಿಕ ಇಲಾಖೆಯ ಮೇಲ್ಮನವಿ ಮಂಡಳಿ 2006ರಲ್ಲಿ ಹೇಳಿದಂತೆ, ನೌಕರನಿಗೆ ತಿಳಿಸಬೇಕು, ವಲಸೆ ಇಲಾಖೆಗೆ ತಿಳಿಸಬೇಕು, ಮರಳುವ ಖರ್ಚು ಕೊಡುತ್ತೇನೆನ್ನಬೇಕು. ಇದು ಆಗದಿದ್ದಲ್ಲಿ ತೆಗೆದುಹಾಕಿದ್ದು ಪೂರ್ಣವಾಗಿಲ್ಲ ಎಂದಾಗಿ, ಸಂಬಳದ ಲೆಕ್ಕ ಓಡುತ್ತಲೇ ಇರುವ ಸಂಭವವಿದೆ. ಕೆಲವು ಪ್ರಕರಣಗಳಲ್ಲಿ ಕಂಪನಿಗಳು ಹೀಗೆ ತಿಂಗಳುಗಟ್ಟಲೆಯ ಹಿಂಬಾಕಿ ತೆತ್ತಿವೆ.

ಆದ್ದರಿಂದ ಮಗನೋ ಮಗಳೋ ವಿಮಾನ ಹತ್ತುವಾಗ ಉಪ್ಪಿನಕಾಯಿಯ ಜೊತೆಗೆ ಒಂದು ಕಡತವನ್ನೂ ಕಟ್ಟಿಕೊಡಿ. ನೇಮಕಾತಿ ಪತ್ರ, ವೀಸಾ ಅರ್ಜಿಯಲ್ಲಿ ಕಂಪನಿ ತೋರಿಸಿದ ಸಂಬಳದ ಪ್ರತಿ, ತಿಂಗಳ ಸಂಬಳದ ಚೀಟಿಗಳು, ತೆಗೆದ ದಿನ ಬಂದ ಪತ್ರ ಅಥವಾ ಇ-ಮೇಲ್ ಎಲ್ಲ ಅದರಲ್ಲಿರಲಿ. ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟರೆ, ಕೆಲಸ ಹೋದ ಗಳಿಗೆಯಲ್ಲಿಯೇ ಅದರ ಬಾಗಿಲೂ ಮುಚ್ಚುತ್ತದೆ. ದೂರನ್ನು ಅಲ್ಲಿನ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ, ತಪ್ಪು ನಡೆದ 12 ತಿಂಗಳೊಳಗೆ ಕೊಡಬೇಕು. ಡಬ್ಲ್ಯುಎಚ್-4 ಎಂಬ ನಮೂನೆ ಅದಕ್ಕಿದೆ, ಶುಲ್ಕವಿಲ್ಲ. ದೂರು ಕೊಟ್ಟನೆಂದು ಸೇಡು ತೀರಿಸಿಕೊಳ್ಳುವುದೂ ಕಾನೂನಿಗೆ ವಿರುದ್ಧ.